ಹೆಲ್ಮೆಟ್ ನೋಡುವ ಕೆಲಸದಿಂದ ಮುಂದಕ್ಕೆ ಹೋಗುವುದು ಹೇಗೆ?

ಪ್ರಶ್ನೆ: ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ವಯಸ್ಸು 31. ಬಿಡದಿ ಕಡೆಯ ಒಂದು ಆಟೊ ಬಿಡಿಭಾಗಗಳ ಕಾರ್ಖಾನೆಯಲ್ಲಿ ಆರು ವರ್ಷದಿಂದ ಸೇಫ್ಟಿ ಸೂಪರ್‌ವೈಸರ್ ಆಗಿದ್ದೇನೆ. ಆದರೆ ಇರುವುದು ಕಂಟ್ರಾಕ್ಟರ್ ರೋಲ್‌ನಲ್ಲಿ. ಲೋಹದ ತಗಡನ್ನು ಒತ್ತಿ ಆಕಾರ ಕೊಡುವ ಪ್ರೆಸ್ ಶಾಪ್‌ನಲ್ಲಿ ದಿನವಿಡೀ ಹೆಲ್ಮೆಟ್, ಶೂ, ಗ್ಲೌಸ್ ಹಾಕಿದ್ದಾರಾ ಅಂತ ನೋಡುವುದೇ ಕೆಲಸ. ಸೇಫ್ಟಿ ಆಫೀಸರ್ ಹುದ್ದೆ ಖಾಲಿಯಾದಾಗಲೆಲ್ಲ ಹೊರಗಿನವರನ್ನು ತರುತ್ತಾರೆ. ಖಾಸಗಿ ಸಂಸ್ಥೆಯೊಂದರಿಂದ ಅಂಚೆ ಮೂಲಕ ಫೈರ್ ಅಂಡ್ ಸೇಫ್ಟಿ ಡಿಪ್ಲೊಮಾ ಮಾಡಿದ್ದೇನೆ. ಆನ್‌ಲೈನ್‌ನಲ್ಲಿ ಅಮೆರಿಕದ ಸುರಕ್ಷತಾ ಸಂಸ್ಥೆ ಓಶಾದ 30 ಗಂಟೆಯ ಕೋರ್ಸ್ ಮುಗಿಸಿದ್ದೇನೆ. ಈಗ ಸಾಲ ಮಾಡಿ ನೆಬಾಶ್ ಅನ್ನುವ ಇಂಗ್ಲೆಂಡಿನ ಸುರಕ್ಷತಾ ಕೋರ್ಸ್ ಮಾಡಿ ಗಲ್ಫ್‌ಗೆ ಹೋಗಲೇ? ಇಲ್ಲೇ ಇದ್ದು ಬೇರೆ ಏನಾದರೂ ಓದಲೇ? ಇಂಗ್ಲಿಷ್ ಅಷ್ಟಕ್ಕಷ್ಟೇ.

ಉತ್ತರ: ಸಾಲ ಮಾಡಿ ನೆಬಾಶ್ ಮಾಡುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಕೋರ್ಸ್ ಕೆಟ್ಟದ್ದು ಅಂತಲ್ಲ. ನಿಮ್ಮ ಈಗಿನ ಸ್ಥಿತಿಯಲ್ಲಿ ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಬೇರೆ ಇದೆ.

ನಮ್ಮಲ್ಲಿ ಸೇಫ್ಟಿ ಆಫೀಸರ್ ಅನ್ನುವುದು ಕಂಪನಿ ತನಗೆ ಬೇಕಾದವರಿಗೆ ಕೊಡುವ ಹೆಸರಲ್ಲ. ಅದು ಕಾನೂನು ಹೇಳಿದ ಹುದ್ದೆ. 1948ರ ಕಾರ್ಖಾನೆ ಕಾಯ್ದೆಯ 40ಬಿ ಕಲಂ ಪ್ರಕಾರ ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಾರ್ಖಾನೆ ಸೇಫ್ಟಿ ಆಫೀಸರ್‌ನನ್ನು ಇಟ್ಟುಕೊಳ್ಳಬೇಕಿತ್ತು. ಅಪಾಯ ಜಾಸ್ತಿ ಇರುವ ಕಾರ್ಖಾನೆಗಳಿಗೆ ಸರ್ಕಾರ ಬೇರೆಯಾಗಿ ಹೇಳಬಹುದಿತ್ತು. ಈಗ ಆ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಇದರಲ್ಲಿ ಮಿತಿಯನ್ನು ಇಳಿಸಿದ್ದಾರೆ. ಮಾಮೂಲಿ ಕಾರ್ಖಾನೆಗೆ 500 ಜನ, ಅಪಾಯಕಾರಿ ಪ್ರಕ್ರಿಯೆ ಇರುವ ಕಾರ್ಖಾನೆಗೆ 250, ಕಟ್ಟಡ ಕಾಮಗಾರಿಗೆ 250, ಗಣಿಗೆ 100. ಅಂದರೆ ಇಷ್ಟು ದಿನ ನಿಮ್ಮಂಥ ಸೂಪರ್‌ವೈಸರ್ ಒಬ್ಬರನ್ನು ಇಟ್ಟುಕೊಂಡು ಸಾಗಿಸುತ್ತಿದ್ದ ಮಧ್ಯಮ ಗಾತ್ರದ ಕಾರ್ಖಾನೆಗಳಿಗೂ ಅರ್ಹತೆ ಇರುವ ಆಫೀಸರ್ ಬೇಕಾಗುತ್ತಾರೆ. ನಿಮ್ಮ ಕ್ಷೇತ್ರದಲ್ಲಿರುವವರಿಗೆ ಇದು ಒಳ್ಳೆಯ ಕಾಲ.

ಹಾಗಾದರೆ ಆ ಅರ್ಹತೆ ಏನು? ಬಹುತೇಕ ರಾಜ್ಯಗಳ ಕಾರ್ಖಾನೆ ನಿಯಮಗಳು ಮೂರು ವಿಷಯ ಕೇಳುತ್ತ ಬಂದಿವೆ. ಮೊದಲನೆಯದು ತಾಂತ್ರಿಕ ಓದು ಮತ್ತು ಕಾರ್ಖಾನೆಯಲ್ಲಿ ಮೇಲ್ವಿಚಾರಣೆಯ ಅನುಭವ. ಎಂಜಿನಿಯರಿಂಗ್ ಪದವಿ ಇದ್ದರೆ 2 ವರ್ಷ, ಡಿಪ್ಲೊಮಾ ಇದ್ದರೆ 5 ವರ್ಷ. ಎರಡನೆಯದು ರಾಜ್ಯ ಸರ್ಕಾರ ಮಾನ್ಯ ಮಾಡಿದ ಕೈಗಾರಿಕಾ ಸುರಕ್ಷತೆಯ ಪದವಿ ಅಥವಾ ಡಿಪ್ಲೊಮಾ. ಮೂರನೆಯದನ್ನು ಜನ ಗಮನಿಸುವುದೇ ಇಲ್ಲ: ಆ ಭಾಗದ ಹೆಚ್ಚಿನ ಕೆಲಸಗಾರರು ಆಡುವ ಭಾಷೆ ಚೆನ್ನಾಗಿ ಗೊತ್ತಿರಬೇಕು. ಇಂಗ್ಲಿಷ್ ಬರುವುದಿಲ್ಲ ಅಂತ ಕುಗ್ಗಬೇಡಿ. ಶಿಫ್ಟ್ ಶುರುವಾಗುವ ಮುಂಚಿನ ಐದು ನಿಮಿಷದಲ್ಲಿ ಮಂಡ್ಯದ ಹುಡುಗನಿಗೆ ಕನ್ನಡದಲ್ಲಿ, ಒಡಿಶಾದಿಂದ ಬಂದವನಿಗೆ ಹಿಂದಿಯಲ್ಲಿ ವಿಷಯ ಮುಟ್ಟಿಸುವವರು ಈ ಕೆಲಸದಲ್ಲಿ ಬೇಕೇ ಬೇಕು.

ಈಗ ನಿಮ್ಮ ಕೈಯಲ್ಲಿರುವ ಸರ್ಟಿಫಿಕೇಟ್‌ಗಳನ್ನು ನೋಡೋಣ. ಅಂಚೆ ಮೂಲಕ ಮಾಡಿದ ಡಿಪ್ಲೊಮಾಕ್ಕೆ ರಾಜ್ಯ ಸರ್ಕಾರದ ಮಾನ್ಯತೆ ಇಲ್ಲದಿದ್ದರೆ ಮೇಲಿನ ಎರಡನೆಯ ಷರತ್ತಿಗೆ ಅದು ಲೆಕ್ಕಕ್ಕೆ ಬರುವುದಿಲ್ಲ. ಓಶಾ 30 ಗಂಟೆಯ ಕೋರ್ಸ್ ಅಮೆರಿಕದ ಕಾರ್ಮಿಕ ಇಲಾಖೆಯ ತಿಳಿವಳಿಕೆ ಕಾರ್ಯಕ್ರಮ. ಅದು ಪರಿಣತಿಯ ಪ್ರಮಾಣಪತ್ರ ಅಲ್ಲ ಅಂತ ಓಶಾದವರೇ ಹೇಳುತ್ತಾರೆ. ಕಲಿತದ್ದು ವ್ಯರ್ಥವಲ್ಲ, ಆದರೆ ಅದರ ಬಲದ ಮೇಲೆ ಯಾರೂ ನಿಮ್ಮನ್ನು ಆಫೀಸರ್ ಮಾಡುವುದಿಲ್ಲ. ಹೊರಗಿನಿಂದ ಬಂದವರು ನಿಮ್ಮನ್ನು ದಾಟಿ ಹೋಗಿದ್ದಕ್ಕೆ ಕಾರಣ ಬಹುಶಃ ಇದೇ. ನಿಮಗಿಂತ ಕೆಲಸ ಜಾಸ್ತಿ ಗೊತ್ತಿತ್ತು ಅಂತಲ್ಲ, ಅವರ ಕಾಗದ ಕಾನೂನಿಗೆ ಹೊಂದುತ್ತಿತ್ತು. ಬೇಸರದ ವಿಷಯವೇ, ಆದರೆ ಸರಿಪಡಿಸಬಹುದಾದದ್ದು.

ನಿಮಗೆ ಬೇಕಾದದ್ದು ಒಂದು ವರ್ಷದ ಪೂರ್ಣಾವಧಿ ಅಡ್ವಾನ್ಸ್ಡ್ ಡಿಪ್ಲೊಮಾ ಇನ್ ಇಂಡಸ್ಟ್ರಿಯಲ್ ಸೇಫ್ಟಿ, ಎಲ್ಲರೂ ಎಡಿಐಎಸ್ ಅನ್ನುವುದು ಇದನ್ನೇ. ಕೇಂದ್ರ ಸರ್ಕಾರದ ಕಾರ್ಖಾನೆ ಸಲಹಾ ನಿರ್ದೇಶನಾಲಯದ ಕೈಕೆಳಗೆ ಮುಂಬೈನ ಸಯಾನ್‌ನಲ್ಲಿ ಸೆಂಟ್ರಲ್ ಲೇಬರ್ ಇನ್‌ಸ್ಟಿಟ್ಯೂಟ್ ಇದೆ. ಪ್ರಾದೇಶಿಕ ಸಂಸ್ಥೆಗಳು ಬೇರೆ ಬೇರೆ ಊರಿನಲ್ಲಿವೆ. ನಮಗೆ ಹತ್ತಿರದ್ದು ಚೆನ್ನೈ. ಅನುಭವ ಇರುವ ಡಿಪ್ಲೊಮಾದವರಿಗೂ ಅಲ್ಲಿ ಅವಕಾಶ ಇದೆ. ಆ ವರ್ಷದ ಪ್ರಕಟಣೆಯಲ್ಲಿ ಷರತ್ತುಗಳನ್ನು ಓದಿಕೊಂಡು ಅರ್ಜಿ ಹಾಕಿ. ಈ ಕಾಗದ ಕೈಯಲ್ಲಿದ್ದವರನ್ನು ಯಾವ ಕಾರ್ಖಾನೆಯೂ ಮಾನ್ಯತೆಯ ಪ್ರಶ್ನೆ ಎತ್ತಿ ಹಿಂದಕ್ಕೆ ಕಳಿಸುವುದಿಲ್ಲ.

ಇದರ ಜೊತೆಗೇ ಒಂದು ಎಚ್ಚರ. ನಿಮ್ಮ ಆರು ವರ್ಷದ ಅನುಭವ ಕಾಗದದಲ್ಲಿ ಹೇಗಿದೆ ಅಂತ ಇವತ್ತೇ ನೋಡಿ. ಕಂಟ್ರಾಕ್ಟರ್ ರೋಲ್‌ನಲ್ಲಿರುವವರ ನೇಮಕಪತ್ರದಲ್ಲಿ ಹುದ್ದೆ ಎಷ್ಟೋ ಸಲ ಹೆಲ್ಪರ್ ಅಂತಲೋ ಸೆಮಿ ಸ್ಕಿಲ್ಡ್ ಅಂತಲೋ ಇರುತ್ತದೆ. ಬಾಯಲ್ಲಿ ಮಾತ್ರ ಸೂಪರ್‌ವೈಸರ್. ನಿಯಮ ಕೇಳುವುದು ಮೇಲ್ವಿಚಾರಣೆಯ ಅನುಭವವನ್ನು, ಅದೂ ಕಾರ್ಖಾನೆಯಲ್ಲಿ. ಹಾಗಾಗಿ ಪತ್ರದಲ್ಲಿ ಹುದ್ದೆಯ ಹೆಸರು, ಕೆಲಸ ಮಾಡಿದ ಕಾರ್ಖಾನೆಯ ಹೆಸರು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಷ್ಟು ಜನರ ಮೇಲ್ವಿಚಾರಣೆ, ಇಷ್ಟೂ ಇರಬೇಕು. ಕಂಟ್ರಾಕ್ಟರ್ ಬದಲಾದಾಗ ಹಳೆಯ ಪತ್ರ ಸಿಗುವುದು ಕಷ್ಟ. ಅವರು ಇನ್ನೂ ಅಲ್ಲೇ ಇರುವಾಗಲೇ ತೆಗೆದುಕೊಳ್ಳಿ. ಪಿಎಫ್ ದಾಖಲೆಯ ತಾರೀಖು ಇದಕ್ಕೆ ತಾಳೆಯಾಗುತ್ತಿದೆಯಾ ನೋಡಿ.

ಕಾಗದದ ಮಾತು ಇಷ್ಟು. ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಕಾಗದ ಇದ್ದೂ ಹದಿನೈದು ವರ್ಷ ಒಂದೇ ಜಾಗದಲ್ಲಿ ನಿಂತವರನ್ನು ನಾನು ತುಂಬ ನೋಡಿದ್ದೇನೆ. ಅವರೆಲ್ಲ ಕೆಲಸಗಾರರನ್ನು ಹಿಡಿಯುವುದರಲ್ಲೇ ದಿನ ಕಳೆದವರು. ಮೇಲೆ ಹೋದವರು ಕೆಲಸವನ್ನೇ ಬದಲಾಯಿಸಿದವರು. ಹೆಲ್ಮೆಟ್, ಗ್ಲೌಸ್ ಅನ್ನುವುದು ಸುರಕ್ಷತೆಯ ಸಾಲಿನಲ್ಲಿ ಕಟ್ಟಕಡೆಯದು. ಅಪಾಯವನ್ನು ತೆಗೆದೇ ಹಾಕಲು ಆಗುತ್ತದಾ? ಕಮ್ಮಿ ಅಪಾಯದ್ದನ್ನು ತರಬಹುದಾ? ಯಂತ್ರಕ್ಕೆ ಗಾರ್ಡ್ ಕೂರಿಸಬಹುದಾ? ಕೆಲಸದ ಕ್ರಮ ಬದಲಿಸಬಹುದಾ? ಇದ್ಯಾವುದೂ ಸಾಲದೇ ಹೋದಾಗ ಮೈಮೇಲೆ ಹಾಕಿಕೊಳ್ಳುವ ರಕ್ಷಣೆ. ನಿಮ್ಮನ್ನು ಆ ಕೊನೆಯ ಮೆಟ್ಟಿಲಲ್ಲಿ ನಿಲ್ಲಿಸಿದ್ದಾರೆ. ಮೇಲಿನ ಮೆಟ್ಟಿಲಿನ ಕೆಲಸಕ್ಕೆ ಯಾರ ಅನುಮತಿಯೂ ಬೇಡ, ನೀವೇ ಶುರು ಮಾಡಬಹುದು.

ನೀವು ಇರುವುದು ಪ್ರೆಸ್ ಶಾಪ್‌ನಲ್ಲಿ. ಅಲ್ಲಿಯದೇ ಒಂದು ಉದಾಹರಣೆ ಕೊಡುತ್ತೇನೆ. ಎರಡು ಕೈಯ ಬಟನ್ ಇರುವ ಪವರ್ ಪ್ರೆಸ್. ಆಪರೇಟರ್ ಒಂದು ಬಟನ್‌ಗೆ ತಂತಿ ಸುತ್ತಿ ಒತ್ತಿಯೇ ಇರುವ ಹಾಗೆ ಮಾಡಿಕೊಂಡಿರುತ್ತಾನೆ. ಒಂದೇ ಕೈಯಲ್ಲಿ ಪ್ರೆಸ್ ಓಡುತ್ತದೆ, ಇನ್ನೊಂದು ಕೈ ಪೀಸಿಗೆ ಆಕಾರ ಕೊಡುವ ಅಚ್ಚಿನ, ಅಂದರೆ ಡೈ ಹತ್ತಿರ. ಸೇಫ್ಟಿಯವರು ಬಂದು ತಂತಿ ಬಿಚ್ಚಿಸಿ ಮೆಮೊ ಕೊಡುತ್ತಾರೆ. ಮುಂದಿನ ಶಿಫ್ಟ್‌ನಲ್ಲಿ ತಂತಿ ಮತ್ತೆ ಇರುತ್ತದೆ. ನಾನು ಕಂಡ ಒಂದು ಶಾಪ್‌ನಲ್ಲಿ ಇದು ತಿಂಗಳುಗಟ್ಟಲೆ ನಡೆದಿತ್ತು. ಕೊನೆಗೆ ಒಬ್ಬ ಹಿರಿಯ ಆಪರೇಟರ್ ಹತ್ತಿರ ಕೂತು, ಬೈಯದೆ, ಯಾಕಪ್ಪ ಹೀಗೆ ಅಂತ ಕೇಳಿದಾಗ ಅವರು ಹೇಳಿದ್ದು: “ಸಾರ್, ಪೀಸು ಡೈನಲ್ಲೇ ಕಚ್ಚಿಕೊಳ್ಳುತ್ತೆ. ಪ್ರತಿಸಲ ಕೈ ಹಾಕಿ ಕೀಳಬೇಕು. ಎರಡೂ ಕೈಯಲ್ಲಿ ಒತ್ತಿ, ಆಮೇಲೆ ಕಿತ್ತು, ಮತ್ತೆ ಒತ್ತಿದರೆ ಟಾರ್ಗೆಟ್ ಬರಲ್ಲ.”

ತಪ್ಪು ಎಲ್ಲಿದೆ ನೋಡಿ. ಪೀಸನ್ನು ಡೈನಿಂದ ಹೊರಗೆ ತಳ್ಳುವ ಎಜೆಕ್ಟರ್ ಸ್ಪ್ರಿಂಗ್ ಸೋತಿತ್ತು. ಟೂಲ್ ರೂಮಿನವರು ಸ್ಪ್ರಿಂಗ್ ಬದಲಿಸಿ, ಪೀಸು ತಾನಾಗಿ ಹಾರಿ ಬೀಳುವ ಹಾಗೆ ಒಂದು ಗಾಳಿಯ ನಳಿಕೆ ಕೂರಿಸಿದರು. ಕೈ ಒಳಗೆ ಹಾಕುವ ಅಗತ್ಯವೇ ಹೋಯಿತು. ತಂತಿಯನ್ನು ಆಪರೇಟರುಗಳೇ ತೆಗೆದರು. ಆಮೇಲೆ ಕಂಟ್ರೋಲ್ ಕೂಡ ಬದಲಾಯಿತು. ಎರಡೂ ಬಟನ್ ಅರ್ಧ ಸೆಕೆಂಡಿನ ಒಳಗೆ ಒಟ್ಟಿಗೆ ಒತ್ತಬೇಕು, ಪ್ರತಿ ಸ್ಟ್ರೋಕ್‌ಗೂ ಎರಡನ್ನೂ ಬಿಟ್ಟು ಮತ್ತೆ ಒತ್ತಬೇಕು, ಇಲ್ಲದಿದ್ದರೆ ಪ್ರೆಸ್ ಓಡುವುದಿಲ್ಲ. ಅಂಥ ಕಂಟ್ರೋಲ್‌ಗೆ ತಂತಿ ಕಟ್ಟಿ ಪ್ರಯೋಜನ ಇಲ್ಲ.

ಇಲ್ಲಿಗೆ ನಿಲ್ಲಿಸದೆ ಇನ್ನೂ ಒಂದು ಹೆಜ್ಜೆ ಒಳಗೆ ಹೋಗಿ. ಬಟನ್ ಡೈನಿಂದ ಎಷ್ಟು ದೂರ ಇದೆ ಅಂತ ಅಳೆಯಿರಿ. ಐಎಸ್‌ಒ 13855 ಮಾನದಂಡದಲ್ಲಿ ಕೈ ಚಾಚುವ ವೇಗವನ್ನು ಸೆಕೆಂಡಿಗೆ 1600 ಮಿಲಿಮೀಟರ್ ಅಂತ ಹಿಡಿಯುತ್ತಾರೆ. ಬಟನ್ ಬಿಟ್ಟ ಕ್ಷಣದಿಂದ ಪ್ರೆಸ್‌ನ ಮೇಲೆ ಕೆಳಗೆ ಓಡುವ ಭಾಗ, ಅಂದರೆ ಸ್ಲೈಡ್, ಪೂರ್ತಿ ನಿಲ್ಲಲು 0.3 ಸೆಕೆಂಡ್ ಬೇಕಾದರೆ, ಅಷ್ಟರಲ್ಲಿ ಕೈ 480 ಮಿ.ಮೀ. ಹೋಗಿಬಿಡುತ್ತದೆ. ಬಟನ್ ಅದಕ್ಕಿಂತ ಹತ್ತಿರ ಇದ್ದರೆ ಅದು ಕೈಯನ್ನು ಕಾಯುವುದಿಲ್ಲ. ಈ 480ರ ಮೇಲೆ ಇನ್ನಷ್ಟು ಅಂತರ ಸೇರಿಸಲು ಮಾನದಂಡ ಹೇಳುತ್ತದೆ. ಬ್ರೇಕ್ ಸವೆದ ಹಾಗೆ ನಿಲ್ಲುವ ಸಮಯ ಜಾಸ್ತಿಯಾಗುತ್ತದೆ, ಹಾಗಾಗಿ ಆ ಸಮಯವನ್ನು ಆಗಾಗ ಅಳೆಸಬೇಕು. ಇನ್ನು ಹಳೆಯ ಕೀ ಕ್ಲಚ್ ಪ್ರೆಸ್ ಇದ್ದರೆ ಕಥೆಯೇ ಬೇರೆ. ಒಮ್ಮೆ ಕ್ಲಚ್ ಹಿಡಿದರೆ ಸ್ಲೈಡ್ ಪೂರ್ತಿ ಸುತ್ತು ಮುಗಿಸಿಯೇ ನಿಲ್ಲುವುದು. ಅಂಥ ಪ್ರೆಸ್‌ಗೆ ಕೈ ಅಡ್ಡ ಬಂದದ್ದನ್ನು ಬೆಳಕಿನ ಕಿರಣದಿಂದ ಗುರುತಿಸುವ ಲೈಟ್ ಕರ್ಟನ್ ಎಷ್ಟೇ ದುಬಾರಿಯದ್ದು ಹಾಕಿದರೂ ಮಧ್ಯದಲ್ಲಿ ನಿಲ್ಲಿಸಲು ಆಗುವುದಿಲ್ಲ. ಅಲ್ಲಿ ಬೇಕಾದದ್ದು ಕೈಯೇ ಒಳಗೆ ಹೋಗದ ಹಾಗೆ ಮುಚ್ಚಿದ ಗಾರ್ಡ್. ಸಣ್ಣ ಶಾಪ್‌ಗಳಲ್ಲಿ ಬೆರಳು ಕಳೆದುಕೊಂಡವರನ್ನು ಕಂಡವರಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಹೇಳಬೇಕಾಗಿಲ್ಲ.

ಇಂಥದ್ದೊಂದನ್ನು ನೀವು ಮಾಡಿಸಿದರೆ ಒಂದು ಪುಟದಲ್ಲಿ ಬರೆದಿಡಿ. ಮೊದಲು ಹೇಗಿತ್ತು, ಏನು ಕಂಡಿತು, ಯಾರು ಏನು ಮಾಡಿದರು, ಎಷ್ಟು ಖರ್ಚಾಯಿತು, ಗಂಟೆಗೆ ಬರುವ ಪೀಸು ಜಾಸ್ತಿಯಾಯಿತಾ ಕಮ್ಮಿಯಾಯಿತಾ. ಪ್ಲಾಂಟ್ ಹೆಡ್‌ಗೆ ಕೊನೆಯ ಎರಡು ಸಾಲು ತಕ್ಷಣ ಅರ್ಥವಾಗುತ್ತದೆ. ವರ್ಷಕ್ಕೆ ಇಂಥ ನಾಲ್ಕೈದು ಪುಟ ನಿಮ್ಮ ಕಡತದಲ್ಲಿದ್ದರೆ ಇಂಟರ್‌ವ್ಯೂನಲ್ಲಿ ನೀವು ಮಾತಾಡುವ ರೀತಿಯೇ ಬದಲಾಗುತ್ತದೆ. ಕೆಲಸಕ್ಕೆ ಮುಂಚೆ ಸುರಕ್ಷತೆಯ ಬಗ್ಗೆ ಹೇಳುವ ಟೂಲ್‌ಬಾಕ್ಸ್ ಟಾಕ್ ಮುನ್ನೂರು ಮಾಡಿದ್ದೇನೆ ಅನ್ನುವವರು ಬಹಳ ಜನ ಸಿಗುತ್ತಾರೆ. ಈ ಯಂತ್ರದಲ್ಲಿ ಕೈ ಒಳಗೆ ಹೋಗುವುದನ್ನು ನಿಲ್ಲಿಸಿದೆ, ಹೀಗೆ ನಿಲ್ಲಿಸಿದೆ ಅನ್ನುವವರು ಕಮ್ಮಿ. ಕಂಪನಿಯ ಫೋಟೊ, ಡ್ರಾಯಿಂಗ್ ಮಾತ್ರ ಅನುಮತಿ ಇಲ್ಲದೆ ಹೊರಗೆ ತರಬೇಡಿ.

ಇದೇ ದೃಷ್ಟಿಯನ್ನು ಅಪಘಾತದ ವರದಿಗೂ ತನ್ನಿ. ನಮ್ಮ ಕಡೆಯ ವರದಿಗಳಲ್ಲಿ ಅರ್ಧಕ್ಕರ್ಧ “ಕೆಲಸಗಾರನ ಅಜಾಗರೂಕತೆ” ಅನ್ನುವಲ್ಲಿಗೆ ಮುಗಿದುಹೋಗುತ್ತವೆ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕದ ತ್ಯಾಜ್ಯದ ಟ್ಯಾಂಕ್‌ನಲ್ಲಿ ಐವರು ತೀರಿಕೊಂಡರು. ಮೊದಲು ಒಬ್ಬರು ಒಳಗೆ ಬಿದ್ದರು, ಮಿಕ್ಕವರು ಅವರನ್ನು ಉಳಿಸಲು ಇಳಿದವರು. ಇಂಥ ಘಟನೆಯಲ್ಲಿ “ಇಳಿಯಬಾರದಿತ್ತು” ಅಂತ ಬರೆದರೆ ಅದರಿಂದ ಯಾರೂ ಏನೂ ಕಲಿಯುವುದಿಲ್ಲ. ಜೊತೆಗಾರ ಕಣ್ಣೆದುರು ಕುಸಿದಾಗ ಮನುಷ್ಯ ಇಳಿದೇ ಇಳಿಯುತ್ತಾನೆ. ಕೇಳಬೇಕಾದ ಪ್ರಶ್ನೆಗಳು ಬೇರೆ. ಇಳಿಯುವ ಮುಂಚೆ ಗ್ಯಾಸ್ ಮೀಟರ್ ಇಳಿಬಿಟ್ಟು ನೋಡುವ ಪದ್ಧತಿ ಇತ್ತಾ? ಆಮ್ಲಜನಕ ಶೇ. 19.5ಕ್ಕಿಂತ ಕಮ್ಮಿ ಇದ್ದರೆ ಒಳಗೆ ಬಿಡಬಾರದು ಅಂತ ಇಳಿಯಲು ಪರ್ಮಿಟ್ (ಲಿಖಿತ ಅನುಮತಿ) ಕೊಡುವವರಿಗೆ ಗೊತ್ತಿತ್ತಾ? ಹೊರಗೆ ನಿಂತು ಹಗ್ಗದಿಂದಲೇ ಮೇಲೆತ್ತಲು ಟ್ರೈಪಾಡ್, ವಿಂಚ್ ಇತ್ತಾ? ನಿಮ್ಮ ಕಾರ್ಖಾನೆಯಲ್ಲೂ ಕೊಳೆನೀರು ಶುದ್ಧ ಮಾಡುವ ಇಟಿಪಿ ಟ್ಯಾಂಕ್ ಇರಬಹುದು. ಅದನ್ನು ಕ್ಲೀನ್ ಮಾಡಲು ಹೊರಗಿನ ಜನ ಬರುವ ದಿನ ನೀವು ಅಲ್ಲಿರಿ. ಈ ಪ್ರಶ್ನೆಗಳನ್ನು ಮುಂಚೆಯೇ ಕೇಳಿ.

ಸಣ್ಣಪುಟ್ಟ ತಪ್ಪಿಹೋದ ಅಪಘಾತಗಳನ್ನು ಜನ ಹೇಳಲು ಶುರು ಮಾಡಿದರೆ ಮೊದಲು ಸಂಖ್ಯೆ ಏರುತ್ತದೆ. ಮ್ಯಾನೇಜರ್ ಗಾಬರಿಯಾಗುತ್ತಾರೆ. ಇದು ಒಳ್ಳೆಯ ಲಕ್ಷಣ ಅಂತ ಅವರಿಗೆ ಮುಂಚೆಯೇ ಹೇಳಿಟ್ಟಿರಿ. ಗಾಯ ಆದವರನ್ನು ಸದ್ದಿಲ್ಲದೆ ನರ್ಸಿಂಗ್ ಹೋಮ್‌ಗೆ ಕಳಿಸಿ, ರಜೆ ಅಂತ ತೋರಿಸಿ, ಗೇಟಿನ ಬೋರ್ಡ್‌ನಲ್ಲಿ ಅಪಘಾತ ಸೊನ್ನೆ ಅಂತ ಬರೆಯುವ ಅಭ್ಯಾಸ ಕೆಲವು ಕಡೆ ಇದೆ. ಅದಕ್ಕೆ ನಿಮ್ಮ ಸಹಿ ಬೇಡವೇ ಬೇಡ. ಗಾಯದಿಂದ 48 ಗಂಟೆಗೂ ಜಾಸ್ತಿ ಕೆಲಸಕ್ಕೆ ಬರಲಾಗದಿದ್ದರೆ ಇಲಾಖೆಗೆ ತಿಳಿಸಬೇಕು ಅನ್ನುವುದು ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಇರುವ ನಿಯಮ. ಮುಚ್ಚಿಟ್ಟರೆ ಆ ಕೆಲಸಗಾರನ ಇಎಸ್‌ಐ ಹಕ್ಕಿಗೂ ಕುತ್ತು.

ಇನ್ನೊಂದು ವಿಷಯ ಬಹಳ ಜನ ಕೈಬಿಡುತ್ತಾರೆ. ಸುರಕ್ಷತೆಯ ಜೊತೆಗಿರುವ ಆರೋಗ್ಯ. ನಿಮ್ಮ ಪ್ರೆಸ್ ಶಾಪ್‌ನಲ್ಲಿ ಪಕ್ಕದವರ ಜೊತೆ ಮಾತಾಡಲು ಕಿರುಚಬೇಕಾ? ಹಾಗಿದ್ದರೆ ಕಿವಿ ಹೋಗುತ್ತಿದೆ ಅಂತಲೇ ಲೆಕ್ಕ. ಕಾರ್ಖಾನೆ ನಿಯಮಗಳು ಎಂಟು ಗಂಟೆಗೆ 90 ಡೆಸಿಬೆಲ್ ಮಿತಿ ಹಾಕಿವೆ. 95 ಇದ್ದರೆ ನಾಲ್ಕೇ ಗಂಟೆ, 100 ಇದ್ದರೆ ಎರಡು. ಸದ್ದಿನಿಂದ ಕಿವುಡಾಗುವುದು ಕಾನೂನಿನ ಪಟ್ಟಿಯಲ್ಲಿರುವ ಔದ್ಯೋಗಿಕ ರೋಗ. ಬೆರಳು ತುಂಡಾದರೆ ಎಲ್ಲರೂ ಓಡಿ ಬರುತ್ತಾರೆ. ಕಿವಿ ಹತ್ತು ವರ್ಷ ತೆಗೆದುಕೊಂಡು ಹೋಗುತ್ತದೆ, ಯಾರಿಗೂ ಕಾಣುವುದಿಲ್ಲ. ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದು ನಮ್ಮ ಕೋಲಾರದ ಚಿನ್ನದ ಗಣಿಯಿಂದ, 1934ರಲ್ಲಿ. ಇವತ್ತಿಗೂ ಕಲ್ಲು ಒಡೆಯುವ ಕಡೆ ಆ ಧೂಳು ಜನರ ಶ್ವಾಸಕೋಶ ತಿನ್ನುತ್ತಿದೆ. ದೇವನಹಳ್ಳಿ ಹತ್ತಿರದ ಕನ್ನಮಂಗಲದಲ್ಲಿ ಔದ್ಯೋಗಿಕ ಆರೋಗ್ಯದ ಪ್ರಾದೇಶಿಕ ಸಂಶೋಧನಾ ಕೇಂದ್ರ ಇದೆ. ಸದ್ದು, ಧೂಳು, ರಾಸಾಯನಿಕದ ಆವಿ ಅಳೆಯಲು ಕಲಿತವರು ನಮ್ಮಲ್ಲಿ ಕಮ್ಮಿ ಇದ್ದಾರೆ. ಎಡಿಐಎಸ್ ಆದ ಮೇಲೆ ಒಂದು ವಿಷಯದಲ್ಲಿ ಆಳಕ್ಕೆ ಇಳಿಯುವುದಾದರೆ ನಾನು ಹೇಳುವುದು ಇದನ್ನೇ. ನಂಜನಗೂಡು, ಬೀದರ್ ಕಡೆಯ ಔಷಧ ಕಾರ್ಖಾನೆಗಳಿಗೆ ಹೋಗುವ ಆಸೆ ಇದ್ದರೆ ಪ್ರೊಸೆಸ್ ಸೇಫ್ಟಿ, ಅಂದರೆ ರಾಸಾಯನಿಕ ಪ್ರಕ್ರಿಯೆಯಲ್ಲಿ ಬೆಂಕಿ, ಸ್ಫೋಟ, ಸೋರಿಕೆ ಆಗದ ಹಾಗೆ ನೋಡುವ ಕೆಲಸ ಕೂಡ ಒಳ್ಳೆಯ ದಾರಿ. ಸುರಕ್ಷತಾ ನಿರ್ವಹಣೆಯ ಮಾನದಂಡವಾದ ಐಎಸ್‌ಒ 45001ರ ಆಡಿಟರ್ ಕೋರ್ಸ್ ಆಮೇಲೆ ಯಾವಾಗ ಬೇಕಾದರೂ ಮಾಡಬಹುದು.

ಈಗ ನೆಬಾಶ್ ಮತ್ತು ಗಲ್ಫ್. ನೆಬಾಶ್ ಇಂಗ್ಲೆಂಡಿನ ಪರೀಕ್ಷಾ ಮಂಡಳಿ. ಅವರ ಇಂಟರ್‌ನ್ಯಾಷನಲ್ ಜನರಲ್ ಸರ್ಟಿಫಿಕೇಟ್‌ಗೆ ಗಲ್ಫ್‌ನಲ್ಲಿ ಒಳ್ಳೆಯ ಬೆಲೆ ಇದೆ, ಇಲ್ಲಿನ ವಿದೇಶಿ ಕಂಪನಿಗಳಲ್ಲೂ ಇದೆ. ಎರಡು ಭಾಗ. ಒಂದರಲ್ಲಿ ಒಂದು ಸನ್ನಿವೇಶ ಕೊಟ್ಟು, ಪುಸ್ತಕ ನೋಡಿಕೊಂಡೇ ಉತ್ತರ ಬರೆಯಲು ಬಿಡುತ್ತಾರೆ. ಇನ್ನೊಂದರಲ್ಲಿ ನಿಮ್ಮದೇ ಕೆಲಸದ ಜಾಗದ ಅಪಾಯಗಳನ್ನು ಪರಿಶೀಲಿಸಿ ಬರೆದುಕೊಡಬೇಕು. ಎರಡೂ ಬರವಣಿಗೆಯ ಪರೀಕ್ಷೆ, ಬಾಯಿಪಾಠಕ್ಕೆ ಸಿಗುವುದಿಲ್ಲ. ಅದಕ್ಕೇ ಈಗಲೇ ಹಣ ಕಟ್ಟಬೇಡಿ ಅಂದದ್ದು. ಮೇಲೆ ಹೇಳಿದ ಒಂದು ಪುಟದ ವರದಿಗಳನ್ನು ಮೊದಲು ಕನ್ನಡದಲ್ಲಿ ಬರೆಯಿರಿ, ಆಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯದಲ್ಲಿ ಬರೆಯಿರಿ. ವಾರಕ್ಕೊಂದು ಸಾಕು. ಒಂದು ವರ್ಷದಲ್ಲಿ ಪರೀಕ್ಷೆಗೆ ಬೇಕಾದ ಇಂಗ್ಲಿಷ್ ಬಂದುಬಿಡುತ್ತದೆ, ಯಾಕೆಂದರೆ ಇದೇ ನಾಲ್ಕುನೂರು ಐನೂರು ಪದಗಳು ತಿರುಗಿ ತಿರುಗಿ ಬರುತ್ತವೆ.

ಗಲ್ಫ್‌ಗೆ ಹೋಗಬೇಡಿ ಅನ್ನುವುದಿಲ್ಲ. ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಪರ್ಮಿಟ್ ಪದ್ಧತಿ, ಎತ್ತರದ ಕೆಲಸ, ಭಾರ ಎತ್ತುವ ಕೆಲಸ ಚೆನ್ನಾಗಿ ಕಲಿಯಬಹುದು. ಆದರೆ ಅಲ್ಲಿನ ಕೆಲಸ ಹೆಚ್ಚಾಗಿ ಪ್ರಾಜೆಕ್ಟ್ ಮುಗಿಯುವವರೆಗೆ ಮಾತ್ರ. ಕಾರ್ಖಾನೆಯ ಅನುಭವ ಇರುವ ನಿಮಗೆ ಅಲ್ಲಿ ಸಿಗುವುದು ಬಹುಮಟ್ಟಿಗೆ ಕಟ್ಟಡದ ಕೆಲಸ. ವಾಪಸ್ ಬಂದಾಗ ಇಲ್ಲಿ ಮತ್ತೆ ಕೇಳುವುದು ಮಾನ್ಯತೆ ಇರುವ ಡಿಪ್ಲೊಮಾವನ್ನೇ. ಅದು ಮೊದಲೇ ಕೈಯಲ್ಲಿದ್ದರೆ ಎರಡೂ ಕಡೆ ಬಾಗಿಲು ತೆರೆದಿರುತ್ತದೆ. ಹೋಗುವ ದಿನ ಬಂದರೆ ಏಜೆಂಟ್ ಹೆಸರು ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯಾ ನೋಡಿಕೊಂಡೇ ಪಾಸ್‌ಪೋರ್ಟ್ ಕೊಡಿ.

ಒಂದು ವರ್ಷ ಸಂಬಳ ಬಿಟ್ಟು ಎಡಿಐಎಸ್ ಮಾಡುವುದು ಸಂಸಾರಸ್ಥರಿಗೆ ಸುಲಭವಲ್ಲ, ಗೊತ್ತು. ಸಾಲ ಮಾಡಲೇಬೇಕಾದರೆ ಆ ಸಾಲ ಇದಕ್ಕಿರಲಿ. ಮುಂಚೆಯೇ ನಿಮ್ಮ ಕಾರ್ಖಾನೆಯ ಎಚ್‌ಆರ್ ಹತ್ತಿರ ಲಿಖಿತವಾಗಿ ಕೇಳಿ: ಡಿಪ್ಲೊಮಾ ಮುಗಿಸಿ ಬಂದರೆ ಕಂಪನಿ ರೋಲ್‌ನಲ್ಲಿ ಪರಿಗಣಿಸುತ್ತೀರಾ, ಓದಿಗೆ ಪ್ರಾಯೋಜಕತ್ವ ಸಿಗುತ್ತದಾ? ಹೊಸ ಸಂಹಿತೆಯಿಂದ ಅವರಿಗೂ ಅರ್ಹತೆ ಇರುವವರ ಅಗತ್ಯ ಇದೆ, ಹಾಗಾಗಿ ಕೇಳಲು ಹಿಂಜರಿಯಬೇಡಿ. ಹತ್ತಿರದಲ್ಲೇ ಬೇರೆ ಸಂಸ್ಥೆಯವರು ವಾರಾಂತ್ಯದ ಕೋರ್ಸ್ ಇದೆ, ಮಾನ್ಯತೆ ಇದೆ ಅಂತ ಹೇಳಿದರೆ ಫೀಸು ಕಟ್ಟುವ ಮೊದಲು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ. ಕಾರ್ಖಾನೆ, ಬಾಯ್ಲರು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ ಒಂದು ಅರ್ಜಿ ಕೊಟ್ಟು, ಸೇಫ್ಟಿ ಆಫೀಸರ್ ಹುದ್ದೆಗೆ ಈ ಡಿಪ್ಲೊಮಾವನ್ನು ಒಪ್ಪುತ್ತೀರಾ ಅಂತ ಕೇಳಿ. ಕೋರ್ಸಿನ ಮಾಹಿತಿ ಪುಸ್ತಿಕೆಯ ಪ್ರತಿ ಅರ್ಜಿಗೆ ಲಗತ್ತಿಸಿ. ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.